ಹಾಫ್‌ಕಿನ್ ಮೊದಲು ಚುಚ್ಚಿಕೊಂಡಿದ್ದು ತಮಗೇ

ಲಸಿಕೆಗೆ ಹೆದರೋದು ಓದುಬರಹ ಇಲ್ಲದವರು ಮಾತ್ರ ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಆದರೆ 2021ರ ಜನವರಿ 16ರಂದು ದೇಶದಲ್ಲಿ ಕೋವಿಡ್ ಲಸಿಕೆ ಅಭಿಯಾನ ಶುರುವಾದಾಗ ಹಿಂಜರಿದವರಲ್ಲಿ ವೈದ್ಯರೂ ಇದ್ದರು, ನರ್ಸ್‌ಗಳೂ ಇದ್ದರು. ಕೋವ್ಯಾಕ್ಸಿನ್‌ನ ಮೂರನೇ ಹಂತದ ಪ್ರಯೋಗದ ಅಂಕಿಅಂಶ ಆಗಿನ್ನೂ ಹೊರಬಂದಿರಲಿಲ್ಲ. ಅವರನ್ನು ಮೂದಲಿಸುವ ಮೊದಲು ವಾಲ್ಡೆಮಾರ್ ಹಾಫ್‌ಕಿನ್ ಅವರ ಬದುಕನ್ನೊಮ್ಮೆ ನೋಡಬೇಕು ಅನ್ನೋದು ನನ್ನ ಮಾತು.

ಹಾಫ್‌ಕಿನ್ 1860ರಲ್ಲಿ ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ. ಓದಿದ್ದು ಪ್ರಾಣಿಶಾಸ್ತ್ರ, ವೈದ್ಯಕೀಯ ಅಲ್ಲ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆ ತಯಾರಿಸಿ, 1892ರಲ್ಲಿ ಮೊದಲು ತಮಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು. ಕಲ್ಕತ್ತಾದ ಕೊಳೆಗೇರಿಯಲ್ಲಿ ಜನ ಕಲ್ಲು ತೂರಿದರು. ಎಲ್ಲರೆದುರು ತಾವೇ ಲಸಿಕೆ ಚುಚ್ಚಿಸಿಕೊಂಡರು. ಆಮೇಲೆ ಜನ ಒಬ್ಬೊಬ್ಬರಾಗಿ ಮುಂದೆ ಬಂದರು.

1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಂತು. ಗ್ರಾಂಟ್ ಮೆಡಿಕಲ್ ಕಾಲೇಜಿನ ಇಕ್ಕಟ್ಟಾದ ಜಾಗದಲ್ಲಿ ಕೂತು ಹಾಫ್‌ಕಿನ್ ಲಸಿಕೆ ಮಾಡಿದರು. 1897ರ ಜನವರಿ 10ರಂದು ಮತ್ತೆ ಮೊದಲ ಸೂಜಿ ಅವರ ಮೈಗೇ. ನಂತರ ಬೈಕುಲ್ಲಾ ಜೈಲಿನಲ್ಲಿ ಲಸಿಕೆ ಪಡೆದ ಮತ್ತು ಪಡೆಯದ ಕೈದಿಗಳನ್ನು ಹೋಲಿಸಿ ಲೆಕ್ಕ ಮುಂದಿಟ್ಟರು. ಕೈದಿಯ ಒಪ್ಪಿಗೆ ಎಷ್ಟು ಮುಕ್ತ ಅಂತ ಇವತ್ತು ನಾವು ಕೇಳಲೇಬೇಕು, ಅದು ಬೇರೆ ಮಾತು. ಮರುವರ್ಷ ಹುಬ್ಬಳ್ಳಿಯಲ್ಲೂ ಸಾವಿರಾರು ಜನ ಇದೇ ಲಸಿಕೆ ಹಾಕಿಸಿಕೊಂಡರು.

ಇಷ್ಟು ಕಷ್ಟಪಟ್ಟು ಕಟ್ಟಿದ ನಂಬಿಕೆ ಒಂದೇ ಸೀಸೆಯಿಂದ ಅಲುಗಾಡಿತು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಸರ್ಕಾರ ಹಾಫ್‌ಕಿನ್ ಪ್ರಯೋಗಾಲಯವನ್ನೇ ದೂರಿತು, ಅವರು ಹುದ್ದೆ ಕಳೆದುಕೊಂಡರು. ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಮಾಡದೆ ಮತ್ತೆ ಬಳಸಲಾಗಿತ್ತು. ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು ದನಿ ಎತ್ತಿ, 1907ರಲ್ಲಿ ಕಳಂಕ ತೊಲಗಿತು. 1930ರಲ್ಲಿ ಅವರು ತೀರಿಕೊಂಡರು.

ಈ ಬದುಕಿನಿಂದ ನನಗೆ ತಿಳಿಯೋದು ಇಷ್ಟು. ಇಕ್ಕಳ ಶುದ್ಧಮಾಡು ಅಂತ ಆದೇಶ ಕೊಡೋದು ಶಿಕ್ಷಣ ಅಲ್ಲ, ಯಾಕೆ ಅಂತ ತಿಳಿಸೋದು ಶಿಕ್ಷಣ. ಲಸಿಕೆ ಹಾಕಿಸ್ಕೊ, ಇಲ್ಲಾಂದ್ರೆ ನೋಟಿಸ್ ಅಂತ ಸುತ್ತೋಲೆ ಹೊರಡಿಸೋದೂ ಅಷ್ಟೇ. ನರ್ಸ್, ಆಯಾ, ವಾರ್ಡ್ ಬಾಯ್ ಮುಂದೆ ಅಂಕಿಅಂಶ ಇಡಿ, ಅಡ್ಡಪರಿಣಾಮ ಮುಚ್ಚಿಡಬೇಡಿ, ಪ್ರಶ್ನೆ ಕೇಳೋಕೆ ಬಿಡಿ. ರೋಗಿಯ ಮನೆಯವರು ಲಸಿಕೆ ಹಾಕಿಸಬಹುದಾ ಅಂತ ಪಿಸುಮಾತಲ್ಲಿ ಕೇಳೋದು ಅವರನ್ನೇ.