ಸರ್ಕಸ್ಸಿನ ಗುರು ಕೀಲೇರಿ ಕುಂಞಿಕಣ್ಣನ್

ಗುಜರಾತಿನಲ್ಲಿ ನೆಲೆಸಿರುವ ನಾವು ಕನ್ನಡಿಗರು ಊರಿಗೆ ಹೊರಟಾಗ, ರೈಲು ಸೂರತ್ತನ್ನೂ ನವಸಾರಿಯನ್ನೂ ದಾಟಿದ ಮೇಲೆ ಬಿಲಿಮೋರಾ ಎಂಬ ನಿಲ್ದಾಣ ಬರುತ್ತದೆ. ದೂರದ ಗಾಡಿಗಳು ಅನೇಕವು ಅಲ್ಲಿ ನಿಲ್ಲುವುದಿಲ್ಲ. ನಾವೂ ಆ ಹೊತ್ತಿಗೆ ಬುತ್ತಿ ಬಿಚ್ಚುವ ಗಡಿಬಿಡಿಯಲ್ಲಿರುತ್ತೇವೆ. ಒಂದು ಕಾಲಕ್ಕೆ ಬರೋಡಾ ಸಂಸ್ಥಾನಕ್ಕೆ ಸೇರಿದ್ದ ಈ ಸಣ್ಣ ಊರಿನಲ್ಲಿ 1951ನೆಯ ಇಸವಿ ಆಗಸ್ಟ್ 15ರಂದು ಒಂದು ಸರ್ಕಸ್ ಡೇರೆ ಎದ್ದಿತು. ಅದೇ ಮುಂದೆ ದೇಶವೆಲ್ಲ ಹೆಸರಾದ ಜೆಮಿನಿ ಸರ್ಕಸ್. ವಿಜಯಾ ಸರ್ಕಸ್ ಎಂಬ ಬಡಕಲು ಕಂಪನಿಯೊಂದನ್ನು 6000 ರೂಪಾಯಿಗೆ ಕೊಂಡು, ಹೊಸ ಹೆಸರಿಟ್ಟು, ಅಲ್ಲಿ ಮೊದಲ ಆಟವಾಡಿಸಿದವರು ತಲಶ್ಶೇರಿಯ ಎಂ. ವಿ. ಶಂಕರನ್. ಅಹಮದಾಬಾದ್, ವಡೋದರಾ, ಸೂರತ್ತುಗಳ ನಮ್ಮ ಹಿರಿಯರಲ್ಲಿ ಆ ಡೇರೆಯೊಳಗೆ ಮಕ್ಕಳನ್ನು ಕರೆದುಕೊಂಡು ಕುಳಿತವರು ಇಲ್ಲದಿರಲಾರರು.

ಆದರೆ ನಾವು ಈ ವರ್ಷದ ಸಂಚಿಕೆಗೆ ಬರೆಯಹೊರಟಿರುವುದು ಶಂಕರನ್ ಅವರನ್ನು ಕುರಿತಲ್ಲ. ಬಾಲ್ಯದಲ್ಲಿ ಅವರಿಗೆ ಮೂರು ವರ್ಷ ವಿದ್ಯೆ ಹೇಳಿಕೊಟ್ಟ ಮಾಸ್ತರರನ್ನು ಕುರಿತು. ಅವರ ಹೆಸರು ಕೀಲೇರಿ ಕುಂಞಿಕಣ್ಣನ್.

ರಾಜ್ಯೋತ್ಸವದ ಸಂಚಿಕೆಯಲ್ಲಿ ಮಲಯಾಳಿ ಮಹನೀಯರೊಬ್ಬರ ಚರಿತ್ರೆಯೇಕೆಂದು ಯಾರಾದರೂ ಹುಬ್ಬೇರಿಸಬಹುದು. ತಲಶ್ಶೇರಿ ನಮಗೇನು ದೂರದ ಊರಲ್ಲ. ಕಾಸರಗೋಡಿನಿಂದ ಕಡಲ ಅಂಚಿನಲ್ಲೇ ದಕ್ಷಿಣಕ್ಕೆ ಇಳಿದರೆ ಕಣ್ಣೂರು, ಅದರಾಚೆ ತಲಶ್ಶೇರಿ. ಕೊಡಗಿನ ಕಾಫಿ, ಮೆಣಸು ಘಟ್ಟವಿಳಿದು ಹಡಗು ಹತ್ತುತ್ತಿದ್ದುದು ಆ ಬಂದರಿನಲ್ಲಿ. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಬಾಸೆಲ್ ಮಿಶನ್ನಿನವರೇ ತಲಶ್ಶೇರಿಯಲ್ಲೂ ಶಾಲೆಗಳನ್ನು ತೆರೆದರು. ಕುಂಞಿಕಣ್ಣನ್ ಮಾಸ್ತರರು ಅನ್ನ ಕಂಡದ್ದು ಈ ಮಿಶನ್ ಶಾಲೆಯ ಅಂಗಸಾಧನೆಯ ಶಿಕ್ಷಕರಾಗಿ.

ಅವರು ಮೊದಲು ಕಲಿತದ್ದು ಕಳರಿ ಪಯಟ್ಟು. ನೆಲವನ್ನು ಅಗೆದು ತಗ್ಗು ಮಾಡಿದ ಕಳರಿಯ ಮಣ್ಣಿನಲ್ಲಿ, ಮೈಗೆ ಎಣ್ಣೆ ಹಚ್ಚಿ, ಮೊದಲು ಬರಿಯ ಮೈಯ ವರಸೆಗಳು. ಆ ಮೇಲೆ ಕೋಲು, ಕತ್ತಿ, ಗುರಾಣಿ. ಮಿಶನ್ ಶಾಲೆಯಲ್ಲಿ ಇದರ ಜೊತೆಗೆ ಯುರೋಪಿನ ಜಿಮ್ನಾಸ್ಟಿಕ್ ಬಂದು ಸೇರಿತು: ಅಡ್ಡಕಂಬಿ, ಜೋಡಿಕಂಬಿ, ಲಾಗಗಳು. ಈ ಎರಡು ವಿದ್ಯೆಗಳು ಒಬ್ಬನೇ ಮನುಷ್ಯನ ಮೈಯಲ್ಲಿ ಕೂಡಿಕೊಂಡದ್ದೇ ನಮ್ಮ ದೇಶದ ಸರ್ಕಸ್ಸಿನ ಭಾಗ್ಯವೆಂದು ನಮಗನ್ನಿಸುತ್ತದೆ. ಕಳರಿ ಮೈಯನ್ನು ಬಿಲ್ಲಿನಂತೆ ಬಳುಕಿಸುತ್ತದೆ. ಕಂಬಿಯ ಸಾಧನೆ ರಟ್ಟೆಗೆ ಕಸುವು ಕೊಡುತ್ತದೆ. ತೂಗುಯ್ಯಾಲೆಯಿಂದ ತೂಗುಯ್ಯಾಲೆಗೆ ಹಾರುವವನಿಗೆ ಎರಡೂ ಬೇಕು.

ಆಗ ಸರ್ಕಸ್ ಎಂಬುದು ದೇಶಕ್ಕೆ ಹೊಸದು. ಇಟಲಿಯ ಚಿಯಾರಿನಿ ಎಂಬಾತ ತನ್ನ ಕಂಪನಿಯನ್ನು ಮುಂಬಯಿಗೆ ತಂದಿದ್ದನು. ಹಿಂದೂಸ್ಥಾನದವರು ಇಂಥ ಕಂಪನಿ ಕಟ್ಟಲು ಇನ್ನೂ ಬಹುಕಾಲ ಬೇಕೆಂದು ಅವನು ಹೀಯಾಳಿಸಿದನಂತೆ. ಕುರುಂದವಾಡ ಸಂಸ್ಥಾನದಲ್ಲಿ ಕುದುರೆಗಳ ಉಸ್ತುವಾರಿಯಲ್ಲಿದ್ದ ವಿಷ್ಣುಪಂತ ಛತ್ರೆಯವರಿಗೆ ಆ ಮಾತು ನಾಟಿತು. ಕುರುಂದವಾಡವೆಂದರೆ ಕೃಷ್ಣಾ ಪಂಚಗಂಗೆಯರ ಸಂಗಮದ ಆಸುಪಾಸು. ನರಸೋಬನ ವಾಡಿಗೆ ಹೋದ ಬೆಳಗಾವಿಯ ಕಡೆಯ ನಮ್ಮವರಿಗೆ ಅದರ ಗುರುತು ಹೇಳಬೇಕಾಗಿಲ್ಲ. ಛತ್ರೆಯವರು 1880ರಲ್ಲಿ ಸ್ವದೇಶಿ ಸರ್ಕಸ್ಸನ್ನು ಕಟ್ಟಿಯೇ ತೋರಿಸಿದರು. ಅವರು ಸವಾರಿಯಲ್ಲಿ ನಿಪುಣರು, ಅವರ ಪತ್ನಿಯೂ ಕಣಕ್ಕಿಳಿದರು. ಆದರೆ ಕುದುರೆಗಳು ಸಿಕ್ಕಷ್ಟು ಸುಲಭವಾಗಿ ಹಾರುವ ಮನುಷ್ಯರು ಸಿಗಬೇಕಲ್ಲ!

ಛತ್ರೆಯವರ ಡೇರೆ ಊರೂರು ಸುತ್ತುತ್ತ ತಲಶ್ಶೇರಿಗೆ ಬಂದಾಗ ಇಬ್ಬರ ಭೇಟಿಯಾಯಿತು. ಮಾಸ್ತರರು ಹುಡುಗರನ್ನು ತಯಾರು ಮಾಡಬೇಕು, ಛತ್ರೆಯವರು ಅವರಿಗೆ ಕೆಲಸ ಕೊಡಬೇಕು, ಹೀಗೆ ಮಾತಾಯಿತು. 1888ರಿಂದ ಪುಲಂಬಿಲ್ ಎಂಬ ಹಳ್ಳಿಯಲ್ಲಿ ಪಾಠ ಮೊದಲಾಯಿತು. 1901ರಲ್ಲಿ ಚಿರಕ್ಕರದಲ್ಲಿ ಪೂರ್ಣ ಪ್ರಮಾಣದ ಸರ್ಕಸ್ ಶಾಲೆಯೇ ತೆರೆಯಿತು. ಈ ಇಸವಿಯನ್ನು ವಾಚಕರು ತುಸು ಗಮನಿಸಬೇಕು. ಹೊರದೇಶದ ವಿದ್ಯಾರ್ಥಿಗಳು ಹುಡುಕಿಕೊಂಡು ಹೋಗುವ ಮಾಸ್ಕೋದ ಸರ್ಕಾರಿ ಸರ್ಕಸ್ ಶಾಲೆ ಹುಟ್ಟಿದ್ದು 1927ರಲ್ಲಿ. ಕೆನಡಾದ ಮಾಂಟ್ರಿಯಲ್ಲಿನದು 1981ರಲ್ಲಿ. ಅವಕ್ಕೆಲ್ಲ ಮುಂಚೆ, ರಾಜಾಶ್ರಯವಿಲ್ಲದೆ, ಮಲಬಾರಿನ ತೆಂಗಿನ ತೋಟಗಳ ನಡುವೆ ಒಬ್ಬ ವ್ಯಾಯಾಮದ ಮಾಸ್ತರರು ಈ ಕೆಲಸ ನಡೆಸಿದ್ದರು.

ಈ ವಿದ್ಯೆಯ ಪಾಠವೆಂದರೇನು? ಡೇರೆಯಲ್ಲಿ ನಾವು ನೋಡುವುದು ಹಾರುವುದನ್ನು. ಶಾಲೆಯಲ್ಲಿ ಮುಖ್ಯವಾಗಿ ಕಲಿಯಬೇಕಾದುದು ಬೀಳುವುದನ್ನು. ಬಲೆಯಿದ್ದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ. ಕೈಕಾಲು ಮುಂದಾಗಿ ಬಿದ್ದವನ ಮೂಳೆ ಬಲೆಯಲ್ಲೂ ಮುರಿಯುತ್ತದೆ. ಕತ್ತು ಬಾಗಿಸಿ ಬೆನ್ನಿನ ಮೇಲೆ ಬೀಳಬೇಕು. ಆ ಮೇಲೆ ಕೈಯ ಮೇಲೆ ನಿಲ್ಲುವುದು, ಹಗ್ಗದ ಮೇಲೆ ನಡೆಯುವುದು. ಉಯ್ಯಾಲೆಯಲ್ಲಿ ಹಾರುವವನು ಹಿಡಿಯುವವನನ್ನು ಹಿಡಿಯಹೋಗಬಾರದು. ಕೈ ನೀಡಬೇಕು, ಅಷ್ಟೆ. ಹಿಡಿಯುವುದು ಹಿಡಿಯುವವನ ಕೆಲಸ. ಹಾಗೆ ನಂಬಿ ಕೈ ಚಾಚುವುದಕ್ಕೆ ವರ್ಷಗಳು ಬೇಕಾಗುತ್ತವೆ. ಲೆಕ್ಕದ ಪುಸ್ತಕದಲ್ಲಿ ತಪ್ಪಾದರೆ ನಾವು ಕೆಂಪು ಶಾಯಿಯಿಂದ ತಿದ್ದಿಬಿಡುತ್ತೇವೆ. ಮೇಲಿನ ಆ ಉಯ್ಯಾಲೆಯಲ್ಲಿ ತಿದ್ದುಪಡಿಗೆ ಎಡೆಯಿಲ್ಲ.

ಕಲಿತವರು ಕಂಪನಿಗಳನ್ನು ಕಟ್ಟತೊಡಗಿದರು. ಶಿಷ್ಯರಲ್ಲಿ ಒಬ್ಬರಾದ ಪರಿಯಾಳಿ ಕಣ್ಣನ್ 1904ರಲ್ಲಿ ಮಲಬಾರ್ ಗ್ರ್ಯಾಂಡ್ ಸರ್ಕಸ್ಸನ್ನು ಆರಂಭಿಸಿದರು. ಮಾಸ್ತರರ ಸೋದರಳಿಯ ಕೆ. ಎಂ. ಕುಂಞಿಕಣ್ಣನ್ ಅವರ ವೈಟ್‌ವೇ ಸರ್ಕಸ್ 1947ರಲ್ಲಿ ಬಾಬುರಾವ್ ಕದಮರ ಕಂಪನಿಯೊಡನೆ ಕೂಡಿ ಗ್ರೇಟ್ ಬಾಂಬೆ ಸರ್ಕಸ್ಸಾಯಿತು. ಹಗ್ಗದ ಮೇಲೆ ಪುಟಿದು ಲಾಗ ಹೊಡೆಯುತ್ತಿದ್ದ ಇನ್ನೊಬ್ಬ ಶಿಷ್ಯ ಕಣ್ಣನ್, ಬೊಂಬಾಯೊ ಎಂಬ ಹೆಸರು ಹೊತ್ತು 1930ರ ದಶಕದಲ್ಲಿ ಯುರೋಪಿನ ದೊಡ್ಡ ದೊಡ್ಡ ಕಣಗಳಲ್ಲಿ ಕುಣಿದರು. ತಲಶ್ಶೇರಿಯ ಹುಡುಗ ಬರ್ಲಿನ್ನಿನ ಜನರನ್ನು ಬೆರಗುಗೊಳಿಸಿದ ಆ ಹೊತ್ತಿಗೆ ಮಾಸ್ತರರು ಮುದುಕರಾಗಿದ್ದರು. 1939ರಲ್ಲಿ ಅವರು ಕಣ್ಣುಮುಚ್ಚಿದರು. ಬೊಂಬಾಯೊ ಅವರೂ ಅದೇ ವರ್ಷ, ಇನ್ನೂ ಪ್ರಾಯದಲ್ಲಿಯೇ, ತೀರಿಕೊಂಡರು.

ಶಾಲೆಯನ್ನು ಶಿಷ್ಯ ಎಂ. ಕೆ. ರಾಮನ್ ಮುಂದುವರಿಸಿದರು. ಶಂಕರನ್ ಅವರು ಸೈನ್ಯದಿಂದ ಮರಳಿ ಬಂದು ಎರಡನೆಯ ಬಾರಿ ಪಾಠಕ್ಕೆ ನಿಂತದ್ದು ಈ ರಾಮನ್ ಅವರ ಬಳಿ. ಅಲ್ಲಿಂದ ಬಿಲಿಮೋರಾಕ್ಕೆ ಕೆಲವೇ ವರ್ಷ. 1964ರಲ್ಲಿ ಜೆಮಿನಿಯವರು ಸೋವಿಯತ್ ದೇಶದ ಅಂತರರಾಷ್ಟ್ರೀಯ ಸರ್ಕಸ್ ಉತ್ಸವಕ್ಕೂ ಹೋಗಿ ಬಂದರು.

ಗುರುವಿನ ಕೀರ್ತಿಯನ್ನು ಹೇಳುವಾಗ ಒಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಈ ವಿದ್ಯೆಗೆ ಎಳೆಯ ಮೈ ಬೇಕು. ಡೇರೆಗೆ ಬಂದ ಮಕ್ಕಳು ಬಹುಪಾಲು ಬಡವರ ಮನೆಯವರು. ಶಾಲೆಯ ಓದು ತಪ್ಪಿತು. ಮೈ ಬಗ್ಗುವಷ್ಟು ಕಾಲ ಅನ್ನ, ಮುಂದೆ ದೇವರೇ ಗತಿ ಎಂಬ ಬಾಳು ಎಷ್ಟೋ ಮಂದಿಯದಾಯಿತು. ಮಾಸ್ತರರ ಕಾಲದಲ್ಲಿ ಅದು ಹೊಟ್ಟೆಪಾಡಿನ ದಾರಿಯಾಗಿ ಕಂಡಿತ್ತು. ಮುಂದಿನ ಕಾಲದಲ್ಲಿ ಕೆಲವು ಡೇರೆಗಳಲ್ಲಿ ಮಕ್ಕಳ ಗೋಳಾಗಿ ಕಂಡಿತು. 2011ರಲ್ಲಿ ಸುಪ್ರೀಂ ಕೋರ್ಟು ಮಕ್ಕಳನ್ನು ಸರ್ಕಸ್ಸಿನಲ್ಲಿ ದುಡಿಸಬಾರದೆಂದು ಆಜ್ಞೆ ಮಾಡಿದ್ದನ್ನು ನಾವು ಒಪ್ಪುತ್ತೇವೆ. ಆದರೆ ಮಕ್ಕಳನ್ನು ದುಡಿಸುವುದು ಬೇರೆ, ಮಕ್ಕಳಿಗೆ ಕಲಿಸುವುದು ಬೇರೆ. ಕಲಿಸಲು ಶಾಲೆ ಬೇಕು. ಕೇರಳ ಸರ್ಕಾರವು 2010ರಲ್ಲಿ ತಲಶ್ಶೇರಿಯಲ್ಲಿ ಸರ್ಕಸ್ ಅಕಾಡೆಮಿಯನ್ನು ತೆರೆಯಿತು. ಅದು ಬಹುಕಾಲ ನಡೆಯಲಿಲ್ಲ. ಒಬ್ಬ ಮಾಸ್ತರರು ಸಂಬಳದಲ್ಲಿ ಉಳಿಸಿ ನಡೆಸಿದರೋ, ಶಿಷ್ಯರ ಕಾಣಿಕೆಯಿಂದ ನಡೆಸಿದರೋ, ಅಂತೂ ದಶಕಗಳ ಕಾಲ ನಡೆಸಿದ ಕೆಲಸ ಸರ್ಕಾರದ ಕೈಯಲ್ಲಿ ನಿಲ್ಲಲಿಲ್ಲವೆಂಬುದು ನಮಗೆ ಬೇಸರದ ಸಂಗತಿ.

ವಡೋದರೆಯ ಸಯಾಜಿಬಾಗಿನ ವಸ್ತುಸಂಗ್ರಹಾಲಯದಲ್ಲಿ ಒಂದು ದುಂಡುಕಲ್ಲಿದೆ. 1902ರ ಡಿಸೆಂಬರ್ 23ರಂದು ಗಾಮಾ ಪೈಲ್ವಾನರು ಎತ್ತಿದ, 1200 ಕಿಲೋ ತೂಕದ ಕಲ್ಲೆಂದು ಅದರ ಖ್ಯಾತಿ. ಭಾನುವಾರ ನಮ್ಮ ಮಕ್ಕಳು ಅದನ್ನು ಮುಟ್ಟಿ ನೋಡಿ ಬರುತ್ತಾರೆ. ಅದೇ ಕಾಲದಲ್ಲಿ ಚಿರಕ್ಕರದಲ್ಲಿ ಮಾಸ್ತರರು ಎತ್ತಿ ಹಿಡಿದದ್ದು ಕಲ್ಲನ್ನಲ್ಲ, ಹುಡುಗರ ಸೊಂಟವನ್ನು, ಮೊದಲ ಲಾಗದಲ್ಲಿ ಬೀಳದ ಹಾಗೆ. ಆ ಹುಡುಗರಲ್ಲೊಬ್ಬರಾದ ಶಂಕರನ್ ತುಂಬು ಬಾಳು ಬಾಳಿ 2023ರ ಏಪ್ರಿಲ್ ತಿಂಗಳಲ್ಲಿ ತೀರಿಕೊಂಡರು. ಈ ಸಲ ಊರಿಗೆ ಹೋಗುವವರು ಬಿಲಿಮೋರಾ ಬಂದಾಗ ಬುತ್ತಿಯನ್ನು ಒಂದು ನಿಮಿಷ ಬದಿಗಿಟ್ಟು, ಕಿಟಕಿಯಿಂದ ಆಚೆ ಮಕ್ಕಳಿಗೆ ತೋರಿಸಿ ಈ ಕಥೆಯನ್ನು ಹೇಳಲಿ.