ಸಾಲಾರ್ ಜಂಗರ ಮನೆ ಮತ್ತು ನಮ್ಮ ಕೊಪ್ಪಳ

ಹೈದರಾಬಾದಿಗೆ ಹೋದ ನಮ್ಮ ಊರಿನವರು ಚಾರ್‌ಮಿನಾರ್ ನೋಡುತ್ತಾರೆ, ಬಿರಿಯಾನಿ ತಿನ್ನುತ್ತಾರೆ, ಸಮಯ ಉಳಿದರೆ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋಗುತ್ತಾರೆ. ಹೋದ ವರ್ಷ ಮಾಮೂ ಅವರ ಮನೆಗೆ ಹೋದಾಗ ನಾನೂ ಹಾಗೆಯೇ ಮಾಡಿದೆ. ಒಳಗೆ ಒಂದು ಗಡಿಯಾರವಿದೆ. ಗಂಟೆಗೆ ಸರಿಯಾಗಿ ಅದರೊಳಗಿಂದ ಒಬ್ಬ ಗಡ್ಡದ ಪುಟ್ಟ ಮನುಷ್ಯ ಹೊರಗೆ ಬಂದು ಗಂಟೆ ಬಾರಿಸಿ ಮತ್ತೆ ಒಳಗೆ ಹೋಗುತ್ತಾನೆ. ಅದನ್ನು ನೋಡಲು ಹತ್ತು ನಿಮಿಷ ಮೊದಲೇ ಜನ ಬಂದು ಕೂತಿದ್ದರು. ನಾನೂ ಕೂತೆ, ನೋಡಿದೆ, ಸಂತೋಷಪಟ್ಟೆ, ಮನೆಗೆ ಬಂದೆ.

ಕೊಪ್ಪಳಕ್ಕೆ ವಾಪಸು ಬಂದು ದಾದಿಯವರಿಗೆ ಫೋಟೊ ತೋರಿಸಿದಾಗ ಅವರು ಒಂದು ಮಾತು ಹೇಳಿದರು. ಈ ನವಾಬ್ ಸಾಹೇಬರೇ ನಮ್ಮ ಊರಿನ ಜಹಗೀರದಾರರು, ಈ ಸೀಮೆಯ ಕಂದಾಯ ಅವರ ಮನೆಗೇ ಹೋಗುತ್ತಿತ್ತು ಎಂದು ತಮ್ಮ ಅತ್ತೆ ಹೇಳುತ್ತಿದ್ದರಂತೆ. ನನಗೆ ನಂಬಿಕೆ ಬರಲಿಲ್ಲ. ಇತಿಹಾಸದ ಸರ್ ಅವರನ್ನು ಕೇಳಿದೆ, ಲೈಬ್ರರಿಯಲ್ಲಿ ಹಳೆಯ ಗೆಜೆಟಿಯರ್ ತೆಗೆದು ನೋಡಿದೆ. ದಾದಿ ಹೇಳಿದ್ದು ನಿಜ. ಆದ್ದರಿಂದ ಈ ಲೇಖನ.

ಮೊದಲು ಜಹಗೀರು ಅಂದರೆ ಏನು ಎಂದು ಹೇಳಬೇಕು. ನಿಜಾಮರ ರಾಜ್ಯದಲ್ಲಿ ಎಲ್ಲ ಜಮೀನಿನ ಕಂದಾಯವೂ ಸರ್ಕಾರದ ಖಜಾನೆಗೆ ಹೋಗುತ್ತಿರಲಿಲ್ಲ. ಸರ್ಕಾರಕ್ಕೆ ಹೋಗುವ ಪ್ರದೇಶಕ್ಕೆ ದಿವಾನಿ ಅಥವಾ ಖಾಲ್ಸಾ ಎನ್ನುತ್ತಿದ್ದರು. ನಿಜಾಮರ ಸ್ವಂತ ಖರ್ಚಿಗೆ ಇದ್ದದ್ದು ಸರ್ಫ್-ಎ-ಖಾಸ್. ದೊಡ್ಡ ಮನೆತನಗಳಿಗೆ ಅವರ ಸೇವೆಗಾಗಿ ಬಿಟ್ಟುಕೊಟ್ಟದ್ದು ಜಹಗೀರು. ಅಲ್ಲಿಯ ಕಂದಾಯ ಜಹಗೀರದಾರರದ್ದು, ಕಚೇರಿ ಮತ್ತು ನೌಕರರೂ ಅವರವರೇ. ನಮ್ಮ ಈಗಿನ ಜಿಲ್ಲೆಯಲ್ಲಿ ಗಂಗಾವತಿ ಮತ್ತು ಕುಷ್ಟಗಿ ಖಾಲ್ಸಾ ತಾಲ್ಲೂಕುಗಳು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ಒಂದೇ ಕ್ಲಾಸಿನಲ್ಲಿ ಕೂರುವ ನಮ್ಮಲ್ಲಿ ಗಂಗಾವತಿಯವರ ಮುತ್ತಜ್ಜ ಒಬ್ಬರಿಗೆ ಕಂದಾಯ ಕಟ್ಟಿದರೆ, ಯಲಬುರ್ಗಾದವರ ಮುತ್ತಜ್ಜ ಇನ್ನೊಬ್ಬರಿಗೆ ಕಟ್ಟಿದ್ದಾರೆ.

ಸಾಲಾರ್ ಜಂಗ್ ಎಂಬುದು ಒಬ್ಬರ ಹೆಸರಲ್ಲ, ಬಿರುದು. ಆ ಬಿರುದಿನಿಂದ ಮೂವರು ಹೆಸರಾದರು. ಒಂದನೆಯವರು ಮೀರ್ ತುರಾಬ್ ಅಲಿ ಖಾನ್. 1853ರಲ್ಲಿ 24ನೇ ವಯಸ್ಸಿಗೆ ಹೈದರಾಬಾದಿನ ದಿವಾನರಾಗಿ, 1883ರಲ್ಲಿ ಕಾಲರಾದಿಂದ ತೀರಿಹೋಗುವ ತನಕ 30 ವರ್ಷ ಆ ಹುದ್ದೆಯಲ್ಲಿದ್ದರು. ರಾಜ್ಯವನ್ನು ಜಿಲ್ಲೆಗಳಾಗಿ ವಿಂಗಡಿಸಿ ಕಂದಾಯವನ್ನು ಒಂದು ಲೆಕ್ಕಕ್ಕೆ ತಂದವರು ಅವರೇ. 1858ರಲ್ಲಿ ಮುಂಡರಗಿ ಭೀಮರಾಯರು ಕೊಪ್ಪಳದ ಕೋಟೆ ಹಿಡಿದು ಇಂಗ್ಲಿಷರ ಸೈನ್ಯದ ವಿರುದ್ಧ ಹೋರಾಡಿ ಇಲ್ಲೇ ಮಡಿದರಲ್ಲ, ಆಗ ಹೈದರಾಬಾದಿನಲ್ಲಿ ಇಂಗ್ಲಿಷರ ಪಕ್ಷದಲ್ಲಿ ಗಟ್ಟಿಯಾಗಿ ನಿಂತಿದ್ದ ದಿವಾನರೂ ಇವರೇ. ಎರಡನೆಯವರು ಇವರ ಮಗ ಮೀರ್ ಲಾಯಕ್ ಅಲಿ ಖಾನ್. ಅವರೂ ಕೆಲವು ವರ್ಷ ದಿವಾನರಾಗಿದ್ದರು, 30 ತುಂಬುವ ಮೊದಲೇ ತೀರಿಹೋದರು.

ನಾನು ಬರೆಯಬೇಕೆಂದಿರುವುದು ಮೂರನೆಯವರ ಬಗ್ಗೆ. ಹೆಸರು ಮೀರ್ ಯೂಸುಫ್ ಅಲಿ ಖಾನ್. ಹುಟ್ಟಿದ್ದು ಪುಣೆಯಲ್ಲಿ, 1889ರ ಜೂನ್ 13ರಂದು. ಮಗುವಿಗೆ ಒಂದು ತಿಂಗಳು ತುಂಬುವುದರೊಳಗೆ ತಂದೆ ಇಲ್ಲವಾದರು. ಅಂದರೆ ಕಣ್ಣು ಬಿಟ್ಟು ಸರಿಯಾಗಿ ನೋಡಲೂ ಬಾರದ ಆ ಕೂಸು ಕೊಪ್ಪಳಕ್ಕೂ ಯಲಬುರ್ಗಾಕ್ಕೂ ವಾರಸುದಾರ. ಆರನೆಯ ನಿಜಾಮರಾದ ಮಹಬೂಬ್ ಅಲಿ ಖಾನರು ಮಗುವಿನ ಮೇಲೆ ನಿಗಾ ಇಟ್ಟರು, ವಯಸ್ಸಿಗೆ ಬರುವ ತನಕ ಎಸ್ಟೇಟನ್ನು ಸರ್ಕಾರವೇ ನೋಡಿಕೊಂಡಿತು.

ಹುಡುಗ ಬೆಳೆದದ್ದು ದಿವಾನ್ ದೇವಡಿಯಲ್ಲಿ. ದೇವಡಿ ಎಂದರೆ ನವಾಬರ ಮನೆ. ನಮ್ಮ ಕಡೆ ವಾಡೆ ಎನ್ನುತ್ತೇವಲ್ಲ, ಅದಕ್ಕಿಂತ ಬಹಳ ದೊಡ್ಡದು. ಚಾರ್‌ಮಿನಾರ್‌ನಿಂದ ದೂರವಲ್ಲ, ಮೂಸಿ ನದಿಯ ದಕ್ಷಿಣಕ್ಕೆ. ಒಂದೇ ಕಟ್ಟಡವಲ್ಲ ಅದು, ಎತ್ತರದ ದ್ವಾರಗಳ ಒಳಗೆ ಅಂಗಳ, ತೋಟ, ಮಹಲುಗಳು. ಕನ್ನಡಿಗಳಿಂದ ತುಂಬಿದ್ದ ಕೋಣೆಗೆ ಆಯಿನಾ ಖಾನಾ ಎಂದು ಹೆಸರು, ಪಿಂಗಾಣಿಯಿಂದ ಅಲಂಕರಿಸಿದ್ದಕ್ಕೆ ಚೀನಿ ಖಾನಾ. ಆ ಮನೆತನದಿಂದ ಮೇಲಿಂದ ಮೇಲೆ ದಿವಾನರು ಬಂದದ್ದರಿಂದ ಮನೆಗೇ ದಿವಾನ್ ದೇವಡಿ ಎಂದು ಹೆಸರಾಯಿತು. ಹೈದರಾಬಾದ್ ಸರ್ಕಾರದ ಎಷ್ಟೋ ಮಾತು ಕಚೇರಿಗಿಂತ ಮೊದಲು ಆ ಮನೆಯಲ್ಲಿ ಆಗಿರಬೇಕು.

1911ರಲ್ಲಿ ಮಹಬೂಬ್ ಅಲಿ ಖಾನರು ತೀರಿಕೊಂಡು ಮೀರ್ ಉಸ್ಮಾನ್ ಅಲಿ ಖಾನರು ಏಳನೆಯ ನಿಜಾಮರಾದರು. ಮರುವರ್ಷ, 1912ರಲ್ಲಿ, ಅವರು ಮಹಾರಾಜಾ ಕಿಶನ್ ಪ್ರಸಾದರ ಜಾಗದಲ್ಲಿ ಯೂಸುಫ್ ಅಲಿ ಖಾನರನ್ನು ದಿವಾನರನ್ನಾಗಿ ಮಾಡಿದರು. ಆಗ ಅವರಿಗೆ 23 ವರ್ಷ. ನಮಗಿಂತ ಆರೇ ವರ್ಷ ದೊಡ್ಡವರು. ಇನ್ನೊಂದು ಕಡೆ ನಿಜಾಮರೂ ಹೊಸಬರು, ಅವರಿಗೂ ವಯಸ್ಸು ಹೆಚ್ಚಲ್ಲ, ಎಲ್ಲವನ್ನೂ ತಾವೇ ನೋಡಬೇಕೆಂಬ ಸ್ವಭಾವ. ಇಬ್ಬರಿಗೂ ಹೊಂದಲಿಲ್ಲ. 1914ರಲ್ಲಿ ಯೂಸುಫ್ ಅಲಿ ಖಾನರು ರಾಜೀನಾಮೆ ಕೊಟ್ಟರು. ಆಮೇಲೆ ನಿಜಾಮರು ಬೇರೆ ದಿವಾನರನ್ನು ಮಾಡಲೇ ಇಲ್ಲ, ಐದು ವರ್ಷ ತಾವೇ ಆಡಳಿತ ನಡೆಸಿದರು.

ಅಜ್ಜ 30 ವರ್ಷ ಕೂತ ಕುರ್ಚಿಯಿಂದ ಮೊಮ್ಮಗ ಎರಡೂವರೆ ವರ್ಷಕ್ಕೇ ಎದ್ದು ಬಂದಂತಾಯಿತು. ವಯಸ್ಸು 25. ಕೈಯಲ್ಲಿ ಅಧಿಕಾರ ಇಲ್ಲ, ಜಹಗೀರಿನ ಆದಾಯ ಮಾತ್ರ ಬೇಕಾದಷ್ಟಿದೆ. ಬೇರೆ ನವಾಬರಾಗಿದ್ದರೆ ಏನು ಮಾಡುತ್ತಿದ್ದರೋ. ಇವರು ವಸ್ತು ಕೊಳ್ಳಲು ಶುರು ಮಾಡಿದರು.

ಮನೆಯಲ್ಲಿ ಮೊದಲೇ ಕೆಲವು ಇದ್ದವು. ಅಜ್ಜ 1876ರಲ್ಲಿ ಯುರೋಪಿಗೆ ಹೋದಾಗ ರೋಮ್ ನಗರದಲ್ಲಿ ಒಂದು ಅಮೃತಶಿಲೆಯ ಮೂರ್ತಿ ಕೊಂಡಿದ್ದರು. ಬೆಂಜೋನಿ ಎಂಬ ಶಿಲ್ಪಿ ಕೆತ್ತಿದ ಮುಸುಕಿನ ರೆಬೆಕ್ಕಾ. ಮುಖದ ಮೇಲಿನ ತೆಳು ಬಟ್ಟೆಯೂ ಕಲ್ಲೇ, ಬಟ್ಟೆಯ ಹಿಂದೆ ಕಾಣುವ ಕಣ್ಣು ಮೂಗೂ ಕಲ್ಲೇ. ನಾನು ಎರಡು ಸಲ ಸುತ್ತು ಹಾಕಿ ನೋಡಿದರೂ ಅದು ಹೇಗೆ ಸಾಧ್ಯ ಎಂದು ಗೊತ್ತಾಗಲಿಲ್ಲ. ಇಂಥ ಮನೆಯಲ್ಲಿ ಬೆಳೆದ ಮೊಮ್ಮಗನಿಗೆ ರುಚಿ ಹತ್ತಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಅಜ್ಜನಿಗೆ ಅದು ಹವ್ಯಾಸ, ಮೊಮ್ಮಗನಿಗೆ ಅದೇ ಜೀವನ. ಸುಮಾರು 35 ವರ್ಷ ಅವರು ಕೊಳ್ಳುತ್ತಲೇ ಇದ್ದರು. ಸ್ವತಃ ಯುರೋಪಿಗೆ ಹೋದರು, ವಿದೇಶಗಳಲ್ಲಿ ಅವರ ಪರವಾಗಿ ಹುಡುಕುವವರಿದ್ದರು. ದೇವಡಿಗೇ ವ್ಯಾಪಾರಿಗಳು ಗಂಟು ಹೊತ್ತು ಬರುತ್ತಿದ್ದರು. ಚೀನಾದ ಪಿಂಗಾಣಿ, ಜಪಾನಿನ ರೇಷ್ಮೆ ಕಸೂತಿ, ಇರಾನಿನ ಜಮಖಾನ, ಪಚ್ಚೆ ಬಣ್ಣದ ಜೇಡ್ ಕಲ್ಲಿನ ಹಿಡಿಯ ಕಠಾರಿ, ಮೊಗಲ್ ಚಿತ್ರ, ಫ್ರಾನ್ಸಿನ ಮೇಜು, ಕೈಕೋಲು, ಮಕ್ಕಳ ಆಟಿಕೆ. ಆಟಿಕೆ ಎಂದರೆ ನಗು ಬರುತ್ತದೆ. ಅವರು ಮದುವೆಯಾಗಲೇ ಇಲ್ಲ, ಆ ಮನೆಯಲ್ಲಿ ಆಡುವ ಮಕ್ಕಳೇ ಇರಲಿಲ್ಲ.

ಗ್ರಂಥಗಳನ್ನೂ ಅಷ್ಟೇ ಪ್ರೀತಿಯಿಂದ ಕೂಡಿಸಿದರು. ಅರಬ್ಬಿ, ಫಾರಸಿ, ಉರ್ದು ಹಸ್ತಪ್ರತಿಗಳು ಸಾವಿರಾರು. ಕುರಾನ್ ಶರೀಫಿನ ಒಂದು ಹಳೆಯ ಪ್ರತಿಯ ಮೇಲೆ ಜಹಾಂಗೀರ್, ಷಹಜಹಾನ್, ಔರಂಗಜೇಬ್ ಮೂವರ ಗುರುತೂ ಇದೆ. ಬರಹಗಾರರಿಗೆ, ಶಾಯರರಿಗೆ ಅವರ ಮನೆಯ ಬಾಗಿಲು ತೆರೆದಿತ್ತು.

ಎಲ್ಲವೂ ಅಪ್ಪಟ ಎಂದು ಹೇಳಲಾಗದು. ತಿಳಿದವರು ನೋಡಿ, ಕೆಲವು ಯುರೋಪಿನ ಚಿತ್ರಗಳು ನಕಲು ಎಂದಿದ್ದಾರೆ. ಇಷ್ಟು ಕೊಳ್ಳುವ ಒಬ್ಬ ಮನುಷ್ಯನಿಗೆ ವ್ಯಾಪಾರಿಗಳು ಮೋಸ ಮಾಡದೆ ಬಿಟ್ಟಾರೆಯೇ? ನನಗೆ ಮಾತ್ರ ಇದರಿಂದ ಅವರ ಮೇಲೆ ಪ್ರೀತಿ ಸ್ವಲ್ಪ ಹೆಚ್ಚಾಯಿತು. ಅವರು ಲಾಭಕ್ಕಾಗಿ ಕೊಂಡವರಲ್ಲ. ಕೊಂಡದ್ದನ್ನು ಮಾರಿದ್ದರೆ ಅದು ವ್ಯಾಪಾರ. ಇವರು ಕೊಂಡದ್ದನ್ನೆಲ್ಲ ಮನೆಯಲ್ಲಿ ತುಂಬಿದರು.

ಈಗ ನನ್ನೊಳಗಿನ ಕಾಮರ್ಸ್ ವಿದ್ಯಾರ್ಥಿ ಕೇಳುವ ಪ್ರಶ್ನೆ. ಅಕೌಂಟೆನ್ಸಿಯಲ್ಲಿ ಪ್ರತಿ ಡೆಬಿಟ್‌ಗೆ ಒಂದು ಕ್ರೆಡಿಟ್ ಇರಲೇಬೇಕು ಎಂದು ಮೊದಲ ದಿನವೇ ಕಲಿಸುತ್ತಾರೆ. ಮ್ಯೂಸಿಯಂನಲ್ಲಿ ನಾವು ನೋಡುವುದು ಒಂದು ಬದಿ ಮಾತ್ರ, ಅಂದರೆ ಬಂದ ವಸ್ತು. ಹಣ ಎಲ್ಲಿಂದ ಬಂತು ಎಂಬ ಇನ್ನೊಂದು ಬದಿ ಬೇರೆ ಬೇರೆ ಕಡೆಯ ಜಹಗೀರು ಹಳ್ಳಿಗಳಲ್ಲಿದೆ, ಅದರಲ್ಲಿ ಕೊಪ್ಪಳ ಮತ್ತು ಯಲಬುರ್ಗಾದ ಹಳ್ಳಿಗಳೂ ಸೇರಿವೆ. ಯಲಬುರ್ಗಾದ ಎರೆಹೊಲ ನೋಡಿದವರಿಗೆ ಗೊತ್ತು. ಮಳೆ ಬಂದರೆ ಜೋಳ, ಬಾರದಿದ್ದರೆ ಗುಳೆ. ಅಂಥ ಹೊಲದ ಕಂದಾಯ ಕೂಡಿ, ಕೂಡಿ, ಒಂದು ದಿನ ಪ್ಯಾರಿಸ್ಸಿನ ಒಂದು ಕುರ್ಚಿಯಾಯಿತು. ರೈತನಿಗೆ ಅದು ಗೊತ್ತಾಗಲೇ ಇಲ್ಲ. ಜಹಗೀರಿನ ಕಚೇರಿಯ ಕಾಗದಪತ್ರ ನಡೆಯುತ್ತಿದ್ದದ್ದು ಉರ್ದುವಿನಲ್ಲಿ, ರೈತ ಮಾತಾಡುತ್ತಿದ್ದದ್ದು ಕನ್ನಡ. ಉರ್ದು ನನ್ನ ಮನೆಯ ಮಾತು. ಇದನ್ನು ಬರೆಯುವಾಗ ನನಗೆ ಸ್ವಲ್ಪ ಕಸಿವಿಸಿ ಆಯಿತು, ಆದರೂ ಬರೆಯುತ್ತಿದ್ದೇನೆ.

ಕುರ್ಚಿ ಎಂದಾಗ ನೆನಪಾಯಿತು. ಮ್ಯೂಸಿಯಂನಲ್ಲಿ ಆನೆದಂತದ ಕುರ್ಚಿಗಳಿವೆ. ಫ್ರಾನ್ಸಿನ ದೊರೆ 16ನೆಯ ಲೂಯಿ ಟಿಪ್ಪು ಸುಲ್ತಾನರಿಗೆ ಕಳಿಸಿದ್ದವು ಎಂದು ಅಲ್ಲಿ ಹೇಳುತ್ತಾರೆ. ನಮ್ಮ ಕೊಪ್ಪಳದ ಕೋಟೆಯನ್ನು 1786ರಲ್ಲಿ ಟಿಪ್ಪು ಭದ್ರಪಡಿಸಿದ್ದೂ ಫ್ರೆಂಚ್ ಎಂಜಿನಿಯರುಗಳ ಸಹಾಯದಿಂದ. 1790-91ರಲ್ಲಿ ನಿಜಾಮರ ಮತ್ತು ಇಂಗ್ಲಿಷರ ಸೈನ್ಯ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಆ ಕೋಟೆ ತೆಗೆದುಕೊಂಡಿತು. ಕೋಟೆ ಬೆಟ್ಟದ ಮೇಲೆ ಇದ್ದಲ್ಲೇ ಇದೆ. ಕುರ್ಚಿ ಸುತ್ತಿ ಸುತ್ತಿ ಕೊಪ್ಪಳದ ಜಹಗೀರದಾರರ ಮನೆ ಸೇರಿತು.

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಆಗಿ ಹೈದರಾಬಾದ್ ಭಾರತಕ್ಕೆ ಸೇರಿತು. ಆ ಹೊತ್ತಿಗೆ ಯೂಸುಫ್ ಅಲಿ ಖಾನರಿಗೆ 59. ಮರುವರ್ಷ, 1949ರ ಮಾರ್ಚ್ 2ರಂದು ಅವರು ತೀರಿಹೋದರು. ಐದು ತಿಂಗಳ ನಂತರ, ಆಗಸ್ಟ್ 15ರಿಂದ, ಹೈದರಾಬಾದಿನಲ್ಲಿ ಜಹಗೀರುಗಳನ್ನೇ ರದ್ದು ಮಾಡಿದರು. ಕೊಪ್ಪಳದ ಕೊನೆಯ ದೊಡ್ಡ ಜಹಗೀರದಾರರು ತಮ್ಮ ಜಹಗೀರು ಹೋಗುವುದನ್ನು ನೋಡಲಿಲ್ಲ.

ಮಕ್ಕಳಿಲ್ಲದ ಮನೆ, ತುಂಬಿದ ಕೋಣೆಗಳು. ನೆಂಟರು ಹಂಚಿಕೊಂಡಿದ್ದರೆ ಒಂದು ವರ್ಷದಲ್ಲಿ ಎಲ್ಲ ಚೆಲ್ಲಾಪಿಲ್ಲಿ ಆಗುತ್ತಿತ್ತು. ಸರ್ಕಾರ ಒಂದು ಸಮಿತಿ ಮಾಡಿ ಎಸ್ಟೇಟನ್ನು ಕಾಯಿತು. ಆಗಿನ ಮುಖ್ಯಮಂತ್ರಿ ವೆಲ್ಲೋಡಿಯವರು ಆಸಕ್ತಿ ವಹಿಸಿದರು. ಜೇಮ್ಸ್ ಕಸಿನ್ಸ್ ಎಂಬ ಕಲಾ ವಿಮರ್ಶಕರು ವಸ್ತುಗಳನ್ನು ವಿಂಗಡಿಸಿ ಜೋಡಿಸಿದರು. 1951ರ ಡಿಸೆಂಬರ್ 16ರಂದು ಜವಾಹರಲಾಲ್ ನೆಹರೂ ದಿವಾನ್ ದೇವಡಿಯಲ್ಲೇ ಮ್ಯೂಸಿಯಂ ಉದ್ಘಾಟಿಸಿದರು. ದಿವಾನರ ಅಪ್ಪಣೆ ಇಲ್ಲದೆ ಯಾರೂ ದಾಟಲಾಗದಿದ್ದ ಬಾಗಿಲಲ್ಲಿ ಜನ ಟಿಕೆಟ್ ತೆಗೆದುಕೊಂಡು ಒಳಗೆ ಹೋದರು. ವಾರಸುದಾರರೂ ಆಮೇಲೆ ಕೋರ್ಟಿನ ಮೂಲಕ ರಾಜಿಯಾಗಿ ಸಂಗ್ರಹವನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟರು. 1961ರಲ್ಲಿ ಪಾರ್ಲಿಮೆಂಟ್ ಕಾಯ್ದೆ ಮಾಡಿ ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದು ಘೋಷಿಸಿತು. ಇವತ್ತು ಅಲ್ಲಿ 40 ಸಾವಿರಕ್ಕೂ ಹೆಚ್ಚು ವಸ್ತುಗಳಿವೆ.

1968ರಲ್ಲಿ ಎಲ್ಲವನ್ನೂ ಮೂಸಿ ದಂಡೆಯ ಹೊಸ ಕಟ್ಟಡಕ್ಕೆ ಸಾಗಿಸಿದರು. ನಾವು ಈಗ ನೋಡುವುದು ಅದನ್ನೇ. ಜನರಿಗೆ ಅದೇ ನವಾಬರ ಅರಮನೆ ಎಂಬ ಭಾವನೆ ಇದೆ, ನನಗೂ ಇತ್ತು.

ವಸ್ತುಗಳು ಉಳಿದವು, ಮನೆ ಉಳಿಯಲಿಲ್ಲ. ದಿವಾನ್ ದೇವಡಿಯ ಬಹುಪಾಲು ಕೆಡವಿ ಅಲ್ಲಿ ಅಂಗಡಿ, ಕಟ್ಟಡ ಎದ್ದಿವೆ. ಆಯಿನಾ ಖಾನಾ ಇಲ್ಲ, ಚೀನಿ ಖಾನಾ ಇಲ್ಲ. ದೊಡ್ಡ ದ್ವಾರ ಮಾತ್ರ ನಿಂತಿದೆ. ಈ ಲೇಖನಕ್ಕಾಗಿ ರಜೆಯಲ್ಲಿ ಮತ್ತೆ ಹೋದಾಗ ಮಾಮೂ ನನ್ನನ್ನು ಸ್ಕೂಟರ್ ಮೇಲೆ ಅಲ್ಲಿಗೆ ಕರೆದುಕೊಂಡು ಹೋದರು. ಕಮಾನಿನ ಕೆಳಗೆ ಆಟೋ, ತಳ್ಳುಗಾಡಿ ಹೋಗುತ್ತಿದ್ದವು. ಎರಡು ತಾಲ್ಲೂಕುಗಳ ಕಂದಾಯ ಬಂದು ಸೇರುತ್ತಿದ್ದ ಬಾಗಿಲು ಇದೇ ಇರಬಹುದೇ ಎಂದು ನಾನು ತಲೆ ಎತ್ತಿ ನೋಡುತ್ತಾ ನಿಂತಿದ್ದಕ್ಕೆ ಹಿಂದಿನ ಸ್ಕೂಟರಿನವರು ಹಾರ್ನ್ ಹೊಡೆದರು.

ಊರಿಗೆ ಬಂದ ಮೇಲೆ ದಾದಿ ಒಂದೇ ಪ್ರಶ್ನೆ ಕೇಳಿದರು. ಅಷ್ಟೊಂದು ದೇಶದ ಸಾಮಾನಿನ ನಡುವೆ ನಮ್ಮ ಕಿನ್ನಾಳದ ಗೊಂಬೆ ಇದೆಯೇ ಎಂದು. ಆಟಿಕೆಗಳ ಕೋಣೆಯಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ ಎಂದೆ. ಎಲ್ಲ ಕೋಣೆ ನೋಡಿದೆಯಾ ಎಂದರು. ಇಲ್ಲ, ಅರ್ಧವೂ ಆಗಿರಲಿಲ್ಲ, ಐದು ಗಂಟೆಗೆ ಬಾಗಿಲು ಹಾಕಿಬಿಟ್ಟರು.