ಕೊರಿಯಾದ ಕಾಲ್ಚೆಂಡಾಟದ ಹಿರಿಯ ಕಿಮ್ ಯೋಂಗ್-ಸಿಕ್

ಕೊರಿಯಾ ದೇಶದ ಕಾಲ್ಚೆಂಡಾಟದ ಚರಿತ್ರೆಯಲ್ಲಿ ಅಗ್ರಗಣ್ಯರೆನಿಸಿದ ಕಿಮ್ ಯೋಂಗ್-ಸಿಕ್ ಅವರು 1910ನೆಯ ಇಸವಿಯ ಜುಲೈ ತಿಂಗಳಲ್ಲಿ ಹ್ವಾಂಗ್‌ಹೇ ಪ್ರಾಂತದಲ್ಲಿ ಜನಿಸಿದರು. ತಂದೆ ಕಿಮ್ ಇಕ್-ದು ಹೆಸರಾಂತ ಕ್ರೈಸ್ತ ಧರ್ಮಬೋಧಕರು. ಮಗು ಹುಟ್ಟಿದ ಮರುತಿಂಗಳಲ್ಲಿಯೇ ಜಪಾನು ಕೊರಿಯಾವನ್ನು ತನ್ನ ಸಾಮ್ರಾಜ್ಯದೊಳಕ್ಕೆ ಸೆಳೆದುಕೊಂಡಿತು. ನಾಡಿನ ದಾಸ್ಯವೂ ಈ ಬಾಲಕನೂ ಸಮವಯಸ್ಕರಾಗಿ ಬೆಳೆದರೆನ್ನಬಹುದು.

ಶಾಲೆಯ ಅಂಗಳದಲ್ಲಿ ಅಂಕುರಿಸಿದ ಆಟದ ಒಲವು ಅವರಲ್ಲಿ ಕಾಯಕವೇ ಆಗಿ ಪರಿಣಮಿಸಿತು. ಮದ್ಯ, ತಂಬಾಕುಗಳನ್ನು ಅವರು ಮುಟ್ಟಿದವರಲ್ಲ. ನಿತ್ಯದ ಅಭ್ಯಾಸವನ್ನು ಬಿಟ್ಟವರಲ್ಲ. 1935ರಲ್ಲಿ ಅವರಿದ್ದ ಕ್ಯೊಂಗ್‌ಸೊಂಗ್ ತಂಡವು ಜಪಾನಿಗೇ ಹೋಗಿ ಅಖಿಲ ಜಪಾನ್ ಪ್ರಶಸ್ತಿಯನ್ನು ಗೆದ್ದುತಂದಿತು. ಆದರೂ ಮರುವರ್ಷದ ಬರ್ಲಿನ್ ಒಲಿಂಪಿಕ್ ಕೂಟಕ್ಕೆ ಹೊರಟ ಜಪಾನೀ ಕಾಲ್ಚೆಂಡು ತಂಡದಲ್ಲಿದ್ದ ಕೊರಿಯನ್ನರು ಇವರೊಬ್ಬರೇ. ನಾಡನ್ನಾಳುವವರ ಅಂಗಿಯನ್ನು ತೊಟ್ಟು ಆಡುವುದೋ, ಆಟವನ್ನೇ ತೊರೆಯುವುದೋ ಎಂಬ ಧರ್ಮಸಂಕಟ ಎಂಥದೆಂಬುದನ್ನು ಪರಾಧೀನತೆಯನ್ನು ಉಂಡ ಜನರೇ ಬಲ್ಲರು. ಮ್ಯಾರಥಾನ್ ಗೆದ್ದ ಸೊನ್ ಕೀ-ಚೊಂಗ್ ಅವರ ಕೊರಳಿಗೆ ಸಂದ ಸಂಕಟವೂ ಇದೇ. ಕಿಮ್ ಆಡಿದರು. ಎರಡು ಗೋಲುಗಳ ಹಿನ್ನಡೆಯಲ್ಲಿದ್ದ ತಂಡವು ಬಲಿಷ್ಠ ಸ್ವೀಡನ್ನನ್ನು 3-2ರಿಂದ ಮಣಿಸಿತು. ಮುಂದಿನ ಪಂದ್ಯದಲ್ಲಿ ಇಟಲಿಗೆ 0-8ರಿಂದ ಸೋತಿತು. ಗೆಲುವಿನ ಕೀರ್ತಿಯೆಲ್ಲ ಜಪಾನಿನ ಲೆಕ್ಕಕ್ಕೆ ಸೇರಿತು.

ಹನ್ನೆರಡು ವರ್ಷಗಳ ತರುವಾಯ, 1948ರ ಲಂಡನ್ ಕೂಟದಲ್ಲಿ, ತಮ್ಮ 38ನೆಯ ವಯಸ್ಸಿನಲ್ಲಿ ಅವರು ಸ್ವಂತ ನಾಡಿನ ಧ್ವಜದ ಕೆಳಗೆ ನಿಂತರು. ಕೊರಿಯಾ ಗಣರಾಜ್ಯದ ಘೋಷಣೆಯಾದದ್ದು ಅದೇ ಆಗಸ್ಟ್ 15ರಂದು. ಆಟಗಾರರು ಅದಕ್ಕೂ ಮುಂಚೆಯೇ ನಾಡಿನ ಹೆಸರಿನಲ್ಲಿ ಕಣಕ್ಕಿಳಿದಿದ್ದರು! ಮೆಕ್ಸಿಕೋವನ್ನು 5-3ರಿಂದ ಸೋಲಿಸಿದ ಆ ತಂಡಕ್ಕೆ ಮತ್ತೆ ಎದುರಾದದ್ದು ಸ್ವೀಡನ್. ಈ ಸಲ 0-12ರ ಪರಾಭವ. ಆದರೆ ಈ ಸೋಲು ತಮ್ಮದೇ ಆದ ಸೋಲು.

ಬಳಿಕ ಅಂತರ್ಯುದ್ಧ ನಾಡನ್ನು ಸುಟ್ಟಿತು. 1950ರಲ್ಲಿ ತಂದೆ ಹತರಾದರು. ಕದನವಿರಾಮವಾಗಿ ವರುಷ ತುಂಬುವ ಮುನ್ನವೇ, 1954ರ ಸ್ವಿಟ್ಜರ್ಲೆಂಡಿನ ವಿಶ್ವಕಪ್ಪಿಗೆ ತಂಡದ ಗುರುವಾಗಿ ಕಿಮ್ ಹೊರಟರು. ವಿಮಾನದಲ್ಲಿ ಎಲ್ಲರಿಗೂ ಸ್ಥಳ ದೊರೆಯದೆ ತಂಡ ಎರಡು ಭಾಗವಾಗಿ ಪಯಣಿಸಬೇಕಾಯಿತು. ದಣಿವಾರುವ ಮೊದಲೇ ಹಂಗೇರಿಯ ಎದುರು 0-9, ಅನಂತರ ತುರ್ಕಿಯ ಎದುರು 0-7. ಗೋಲುಗಾರ ಹೊಂಗ್ ದೊಕ್-ಯೊಂಗ್ ತಡೆದ ಚೆಂಡುಗಳಿಗೆ ಲೆಕ್ಕವಿಲ್ಲ. ಅಂಕಗಳನ್ನಷ್ಟೇ ಎಣಿಸುವವರು ಆ ಪಯಣವನ್ನು ಅರಿಯಲಾರರು.

ನಲವತ್ತು ದಾಟಿದ ಮೇಲೂ ಮೈದಾನದಲ್ಲಿ ಆಡಿದ ಅವರು, ಮುಂದೆ ಕಿರಿಯರನ್ನು ತಿದ್ದುವುದರಲ್ಲಿಯೇ ಬಾಳನ್ನು ಸವೆಸಿದರು. 1980ರಲ್ಲಿ ಕೊರಿಯಾದ ಮೊತ್ತಮೊದಲ ವೃತ್ತಿಪರ ತಂಡವಾದ ಹಲ್ಲೆಲೂಯ ಸ್ಥಾಪಿತವಾದಾಗ ಅದರ ಗುರುಪೀಠ ಸಂದದ್ದು ಎಪ್ಪತ್ತರ ಈ ವೃದ್ಧರಿಗೆ. 1985ರ ಮಾರ್ಚಿಯಲ್ಲಿ ಅವರು ಕಾಲವಶರಾದರು.